ಊಟದ ನಂತರದ ಡಾಲ್ಫಿನ್

ಘಟ್ಟದ ಮೇಲಿನ ಎಮ್ಮೆ, ಕತ್ತೆ ಮತ್ತು ಕೋಳಿ ಒಂದು ದಿನದ ಪ್ರವಾಸಕ್ಕೆಂದು ದ್ವೀಪದ ದೋಣಿ ಹತ್ತಿದವು. ಗೈಡ್ ಆಗಿದ್ದ ಕೊಕ್ಕರೆ ಒಂಟಿಕಾಲಲ್ಲಿ ನಿಂತು ಸಾರಿತು: "ಮಾನ್ಯರೇ, ಮಧ್ಯಾಹ್ನದವರೆಗೆ ಬಂಡೆಗಳು. ಊಟದ ನಂತರ ಡಾಲ್ಫಿನ್. ನಾನು ತೋರಿಸಿದ್ದನ್ನು ಮಾತ್ರ ನೋಡತಕ್ಕದ್ದು."

ದೋಣಿ ದಡ ಬಿಟ್ಟಿತ್ತಷ್ಟೆ, ಎಡಗಡೆ ಡಾಲ್ಫಿನ್ ಒಂದು ಚಂಗನೆ ನೆಗೆಯಿತು. "ನಮಸ್ಕಾರ, ಬಂದಿರಾ? ನಾನೇ ಡಾಲ್ಫಿನ್!"

ಕೋಳಿ ಕತ್ತು ತಿರುಗಿಸಿತು. "ಎಡಕ್ಕೆ ನೋಡಬೇಡಿ!" ಎಂದು ಕೊಕ್ಕರೆ ಗದರಿತು. "ಈಗ ಬಲಗಡೆಯ ಬಂಡೆಯ ಕಾರ್ಯಕ್ರಮ ನಡೆಯುತ್ತಿದೆ."

"ಸ್ವಲ್ಪ ಆಚೆ ಹೋಗಪ್ಪ," ಎಂದಿತು ಎಮ್ಮೆ. "ನೀನು ನೀರು ಎರಚಿ ಬಂಡೆಯೇ ಕಾಣುತ್ತಿಲ್ಲ."

"ನೀವು ಬಂದದ್ದು ನನ್ನನ್ನು ನೋಡಲಿಕ್ಕಲ್ಲವೇ?"

"ನಾವು ಬಂದದ್ದು ಡಾಲ್ಫಿನ್ ನೋಡಲಿಕ್ಕೆ," ಎಂದಿತು ಕತ್ತೆ. "ಅದು ಊಟ ಆದಮೇಲೆ. ನಿನಗೂ ನೋಡುವ ಆಸೆಯಿದ್ದರೆ ಗಲಾಟೆ ಮಾಡದೆ ಹಿಂದೆ ಬಾ."

ಡಾಲ್ಫಿನ್ ಬಾಲ ಮುದುರಿಕೊಂಡು ದೋಣಿಯ ಹಿಂದೆ ಈಜಿತು.

ಊಟ ಮುಗಿಯಿತು. ಕೊಕ್ಕರೆ ದೂರದ ಒಂದು ಖಾಲಿ ಅಲೆಯತ್ತ ಕೊಕ್ಕು ಚಾಚಿ, "ಅಗೋ, ಡಾಲ್ಫಿನ್!" ಎಂದಿತು.

"ಅಬ್ಬಾ, ಏನು ನೆಗೆತ!" ಎಂದಿತು ಕತ್ತೆ.

"ಜೊತೆಗೆ ಮರಿಯೂ ಇದೆ!" ಎಂದು ಕೋಳಿ ರೆಕ್ಕೆ ಬಡಿಯಿತು.

ದಡಕ್ಕೆ ಮರಳುವಾಗ ಎಮ್ಮೆಗೆ ಕನಿಕರ ಹುಟ್ಟಿತು. ಹಿಂದಕ್ಕೆ ಬಗ್ಗಿ, "ಪಾಪ, ನೀನು ನೀರಿನಲ್ಲೇ ಇದ್ದೆ. ನಿನಗೂ ಕಾಣಿಸಿತೇನಪ್ಪ?" ಎಂದು ಕೇಳಿತು.

"ಕಾಣಿಸಿತು, ಎಮ್ಮಕ್ಕ," ಎಂದಿತು ಡಾಲ್ಫಿನ್. "ಅದರ ಮುಂದೆ ನಾನು ಯಾವ ಲೆಕ್ಕ?"