ಮೆಲ್ಲಗೆ ಇಳಿಯುವ ದೀಪ

"ಯಾರಿಗೆ ಎಷ್ಟು ಹೇಳಬೇಕೆಂಬ ಅಳತೆ ನನಗೆ ಸಿಕ್ಕಿದೆ, ಅಜ್ಜಾರ. ಆದರೂ ಜನ ನಡುವೆಯೇ ಎದ್ದು ಹೋಗುತ್ತಾರೆ, ಯಾಕೆ?" ಎಂದು ಗಿರಿಮಲ್ಲ ಕೇಳಿದ.

ಗಿರಿಮಲ್ಲ ಮಠದ ಶಿಷ್ಯ. ಮಾತಿನಲ್ಲಿ ಗಟ್ಟಿಗ. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದದ್ದನ್ನು ಮುಚ್ಚಿಡುವ ಸ್ವಭಾವ ಅವನದಲ್ಲ. ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರಿಗೆ ಮಂಡಿನೋವು ಶುರುವಾದಂದಿನಿಂದ ಸಂಜೆಯ ಪ್ರವಚನ ಅವನ ಪಾಲಿಗೆ ಬಂದಿತ್ತು. ಶ್ರಾವಣದಲ್ಲಿ ತಿಂಗಳಿಡೀ ನಡೆಯುವ ದೊಡ್ಡ ಪ್ರವಚನವೂ ತನಗೇ ಬರಬೇಕೆಂಬುದು ಅವನ ಆಸೆ. ಅದನ್ನು ಯಾರಿಗೆ ಕೊಡುವುದೆಂದು ಅಜ್ಜನವರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ತಾನು ಕಣ್ಣು ಮುಚ್ಚಿ ಕೂತರೆ ಸಾಕು, ಮಾತು ಒಂದರ ಹಿಂದೊಂದು ತಾನಾಗಿ ಬರುತ್ತದೆ ಎಂದು ಗಿರಿಮಲ್ಲ ಹೇಳಿದ. ಪುಸ್ತಕ ಬೇಡ, ತಡವರಿಕೆ ಇಲ್ಲ. ಸುಲಭದ ಮಾತಿನಿಂದ ಗಹನಕ್ಕೆ ಎಷ್ಟು ಮೆಲ್ಲಗೆ ಕರೆದೊಯ್ಯುತ್ತೇನೆಂದರೆ, ಏರು ಹತ್ತಿದ್ದೇ ಕೇಳುವವರಿಗೆ ತಿಳಿಯುವುದಿಲ್ಲ ಎಂದ. ಇಷ್ಟಾದ ಮೇಲೂ ಎದ್ದು ಹೋಗುವವರಿದ್ದರೆ ಕೊರತೆ ಅವರ ತಲೆಯಲ್ಲೇ ಇರಬೇಕು ಎಂಬುದು ಅವನ ತೀರ್ಮಾನ. ಅದನ್ನೂ ಹೇಳಿದ.

ಅಜ್ಜನವರು ಮಂಡಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಒಬ್ಬ ದೀಪದ ಕೆಲಸದವನ ಕತೆ ಇದೆ, ಕೂತು ಕೇಳು ಎಂದರು.

ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ದೀಪ ಹಚ್ಚುವುದು, ಆರಿಸುವುದು, ಪರದೆ ಎಳೆಯುವುದು ಎಲ್ಲವೂ ಫೋನಿನಿಂದಲೇ ಆಗಬೇಕೆಂದು ಆಸೆಪಟ್ಟ. ಅಲ್ಲಿ ಇಲ್ಲಿ ವಿಚಾರಿಸಿ ಒಬ್ಬ ಕೆಲಸದವನನ್ನು ಕರೆಸಿದ.

ಕೆಲಸದವನು ಹಳ್ಳಿಯಲ್ಲಿ ಬೆಳೆದ ಹುಡುಗ. ಹೊಲದ ಪಂಪಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡವನು. ಪಟ್ಟಣಕ್ಕೆ ಬಂದು ಈ ಹೊಸ ವಿದ್ಯೆಯನ್ನು ಯಾರ ಹಂಗಿಲ್ಲದೆ ಕಲಿತಿದ್ದ. ಎದುರಿಗೆ ಸಿಕ್ಕವರಿಗೆಲ್ಲ ಅದನ್ನು ಹೇಳುತ್ತಲೂ ಇದ್ದ. ಹೇಳಿಕೊಳ್ಳುವಂಥ ಕೆಲಸ ಮಾಡುತ್ತಿದ್ದ ಎಂಬುದೂ ಸುಳ್ಳಲ್ಲ.

ವ್ಯಾಪಾರಿಯ ಬೇಡಿಕೆ ದೊಡ್ಡದೇನಲ್ಲ. ಸಂಜೆ ಮನೆಮಂದಿ ಕೂರುವ ಪಡಸಾಲೆಯಲ್ಲಿ ಬೆಳಕು ಕಣ್ಣಿಗೆ ಹೊಡೆಯಬಾರದು, ದೊಡ್ಡ ಹೋಟೆಲುಗಳಲ್ಲಿ ಇರುವಂತೆ ಮೃದುವಾಗಿರಬೇಕು.

ಕೆಲಸದವನು ಮೊದಲು ಚಾವಣಿಯ ಬಲ್ಬುಗಳನ್ನು ಪರೀಕ್ಷಿಸಿದ. ಕೆಲವು ಬೆಳಕು ಇಳಿಸಿದರೆ ಮಿಣುಕುತ್ತಿದ್ದವು. ಇವು ಡಿಮ್ ಆಗುವ ಜಾತಿಯವಲ್ಲ ಎಂದು ಕಿತ್ತು ಪಕ್ಕಕ್ಕಿಟ್ಟ. ಬೇರೆ ತಂದು ಕೂರಿಸಿದ. ಆಮೇಲೆ ಒಂದೊಂದನ್ನೂ ಇಳಿಸುತ್ತ ಹೋದ. ಎಲ್ಲಿ ಮಿಣುಕಲು ಶುರುವಾಗುತ್ತದೋ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿ, ಅದರ ಕೆಳಗೆ ಯಾರೇ ಇಳಿಸಿದರೂ ಇಳಿಯದಂತೆ ಗೆರೆ ಹಾಕಿದ. ಇಷ್ಟು ಯಾವ ಕೆಲಸದವನಾದರೂ ಮಾಡುತ್ತಾನೆ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹೊತ್ತು ಮುಳುಗಿದಾಗ ಪೂರ್ತಿ ಬೆಳಗುವ ದೀಪಗಳು ಊಟದ ಹೊತ್ತಿನವರೆಗೆ ತಾವಾಗಿ ಇಳಿಯುತ್ತ ಬರುವಂತೆ ಮಾಡಿದ. ಇಳಿತ ಎಷ್ಟು ನಿಧಾನವೆಂದರೆ, ಕೂತವರಿಗೆ ಗುರುತೇ ಸಿಗುತ್ತಿರಲಿಲ್ಲ. ಯಾರಾದರೂ ಸ್ವಿಚ್ಚಿನಿಂದ ಏರಿಸಿದರೂ ಸ್ವಲ್ಪ ಹೊತ್ತಿಗೆ ಬೆಳಕು ಮತ್ತೆ ತನ್ನ ಹದಕ್ಕೆ ಬರುತ್ತಿತ್ತು.

ಇದೆಲ್ಲವನ್ನೂ ಅವನು ಬಾಗಿಲ ಬಳಿ ನಿಂತು, ಕತ್ತು ಮೇಲೆತ್ತಿ, ಚಾವಣಿಯನ್ನು ನೋಡುತ್ತ ಮಾಡಿದ. ಆ ಕಸುಬಿನವರು ಹಾಗೆಯೇ ಮಾಡುವುದು.

"ನಾ ಇಳಿಸಿದ್ರ ದೀಪಕ್ಕೂ ಗೊತ್ತಾಗೂದಿಲ್ರಿ, ಸಾಹುಕಾರ್ರ" ಎಂದ. ವ್ಯಾಪಾರಿಗೆ ಮಾತೂ ಹಿಡಿಸಿತು, ಕೆಲಸವೂ ಹಿಡಿಸಿತು.

ವ್ಯಾಪಾರಿಯ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲ. ಹರೆಯದಲ್ಲಿ ಬಂದ ಜ್ವರದಲ್ಲಿ ಅದು ಹೋಗಿತ್ತು. ಆದರೆ ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಅವಳಿಗೆ ಕಿವಿ ಕೇಳದೆಂಬುದನ್ನು ಗಂಡನೂ ಮಗನೂ ಮರೆತೇಬಿಟ್ಟಿದ್ದರು. ಹೊಸಬರಿಗಂತೂ ಸಂಶಯವೂ ಬರುತ್ತಿರಲಿಲ್ಲ. ಆಗತಾನೆ ಮನೆಗೆ ಬಂದಿದ್ದ ಸೊಸೆಗೂ ಗೊತ್ತಿರಲಿಲ್ಲ. ಹೇಳುವುದೇನಿದೆ, ನನ್ನ ಕೆಲಸ ಸಾಗುತ್ತಿದೆಯಲ್ಲ ಎಂಬ ಬಿಗುಮಾನ ಅತ್ತೆಯದು.

ಹಳೆಯ ಮನೆಯಲ್ಲಿ ಟ್ಯೂಬ್‌ಲೈಟುಗಳಿದ್ದವು. ಇಲ್ಲಿ ಸಂಜೆಯಾದಂತೆ ಮುಖಗಳಿಂದ ಬಾಯಿ ಮಾಯವಾಗತೊಡಗಿತು. ಸೊಸೆ ಪಕ್ಕದಲ್ಲಿ ಕೂತು ತವರಿನ ಸುದ್ದಿ ಹೇಳಲು ಶುರು ಮಾಡಿದರೆ ಅರ್ಧ ಮಾತು ಸಿಗುತ್ತಿತ್ತು, ಉಳಿದರ್ಧ ಸಿಗುತ್ತಿರಲಿಲ್ಲ. ಅತ್ತೆ ಎದ್ದು ಹೋಗಿ ಸ್ವಿಚ್ಚು ಒತ್ತುತ್ತಿದ್ದಳು. ಬೆಳಕು ಏರುತ್ತಿತ್ತು. ಅವಳು ಬಂದು ಕೂತು ಮಾತಿಗೆ ತೊಡಗುವಷ್ಟರಲ್ಲಿ ಮೆಲ್ಲಗೆ ಇಳಿಯುತ್ತಿತ್ತು.

ಯಾರೋ ದೀಪದ ಹದ ಕೆಡಿಸುತ್ತಿದ್ದಾರೆ ಎಂದು ವ್ಯಾಪಾರಿ ಕೆಲಸದವನಿಗೆ ಹೇಳಿಕಳಿಸಿದ. ಅವನು ಬಂದ. ತನ್ನ ಕೆಲಸದ ಮೇಲೆ ಇನ್ನೊಬ್ಬರು ಕೈಯಾಡಿಸಿದ್ದು ಅವನಿಗೆ ಹಿಡಿಸಲಿಲ್ಲ.

"ಬೆಳಕು ಸಾಲೂದಿಲ್ಲಪ್ಪಾ" ಎಂದಳು ಹೆಂಡತಿ.

ವ್ಯಾಪಾರಿ ಅತ್ತ ಯಾರೊಡನೆಯೋ ಫೋನಿನಲ್ಲಿದ್ದ. ಕೆಲಸದವನು ಅಲ್ಲಿದ್ದ ದಿನಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಮುಖದ ಮುಂದೆ ಹಿಡಿದ. ಮಳೆಯ ಸುದ್ದಿ ಓದಿದ. ಪೇಟೆಧಾರಣೆ ಓದಿದ. ತೀರಿಹೋದವರ ಫೋಟೋದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡದೆ ಓದಿದ. ಇಷ್ಟು ಕಂಡ ಮೇಲೆ ಇನ್ನೇನು ಬೇಕು ತಾಯೀ ಎಂದು ಪತ್ರಿಕೆಯ ಹಿಂದಿನಿಂದಲೇ ಕೇಳಿದ. ಅವಳು ಉತ್ತರ ಕೊಡಲಿಲ್ಲ. ಒಪ್ಪಿದಳು ಎಂದುಕೊಂಡ. ಫೋನು ತೆಗೆದು, ಪಡಸಾಲೆಯ ಸ್ವಿಚ್ಚಿಗೆ ಇನ್ನು ಮೇಲೆ ಯಾರ ಬೆರಳೂ ಲೆಕ್ಕಕ್ಕಿಲ್ಲದಂತೆ ಬೀಗ ಹಾಕಿ ಹೊರಟುಹೋದ.

ಅವನೇನು ಓದಿದನೆಂದು ಅವಳಿಗೆ ತಿಳಿಯಲಿಲ್ಲ. ಅಕ್ಷರ ಕಾಣುತ್ತದೆ ಎಂದು ತೋರಿಸಿದ್ದು ಮಾತ್ರ ತಿಳಿಯಿತು. ಎಲ್ಲರಿಗೂ ಸಾಲುವ ಬೆಳಕು ತನಗೆ ಸಾಲದೆಂದರೆ ಕಣ್ಣೇ ಸೋಲುತ್ತಿರಬೇಕು ಎಂದುಕೊಂಡಳು. ಕಿವಿ ಹೋದಾಗ ಕಣ್ಣಿತ್ತು. ಕಣ್ಣೂ ಹೋದರೆ ಏನು ಮಾಡುವುದೆಂದು ಅವಳು ಯಾರನ್ನೂ ಕೇಳಲಿಲ್ಲ. ಸಂಜೆಯಾದರೆ ಅಡುಗೆಮನೆ ಸೇರತೊಡಗಿದಳು. ಅಲ್ಲಿ ಕೂರುವವರು ಯಾರು ಎಂದು ವ್ಯಾಪಾರಿ ಅಲ್ಲಿಗೆ ಹಳೆಯ ಟ್ಯೂಬ್‌ಲೈಟನ್ನೇ ಹಾಕಿಸಿದ್ದ.

ಹೊಸ ಮನೆ ಇವಳ ಮನಸ್ಸಿಗೆ ಒಗ್ಗಿಲ್ಲ ಎಂದುಕೊಂಡ ವ್ಯಾಪಾರಿ. ಸೊಸೆ ಬೇರೆಯದೇ ಅರ್ಥ ಮಾಡಿಕೊಂಡಳು. ತಾನು ಬಂದು ಕೂತರೆ ಅತ್ತೆ ಎದ್ದು ಹೋಗುತ್ತಾರೆ, ಕೇಳಿದ್ದಕ್ಕೆ ಹೂಂ ಎನ್ನುವುದಿಲ್ಲ, ತಾನು ಈ ಮನೆಗೆ ಬೇಡವಾದವಳು. ಗಂಡನಿಗೆ ಹೇಳಿದಳು, ಅತ್ತಳು, ಮತ್ತೆ ಹೇಳಿದಳು. ಕೊನೆಗೆ ಬೇರೆ ಮನೆ ಹುಡುಕಿದ್ದಾಯಿತು. ಪಾತ್ರೆ ಪಡಗ ಕಟ್ಟಿದ್ದಾಯಿತು. ಮಹಡಿಯಲ್ಲಿದ್ದ ತಮ್ಮ ಕೋಣೆಯ ದೀಪಗಳನ್ನು ನಡೆಸುವ ಪೆಟ್ಟಿಗೆಯನ್ನು ಕಿತ್ತು ಆ ಮನೆಗೆ ಕೂರಿಸಬೇಕೆಂದು ಅದೇ ಕೆಲಸದವನನ್ನು ಕರೆಸಿದರು.

ಅವನು ಬಂದಾಗ ಸಾಮಾನಿನ ಗಾಡಿ ಬಾಗಿಲಲ್ಲಿತ್ತು. ನೀರು ಕೇಳೋಣವೆಂದು ಅಡುಗೆಮನೆಯತ್ತ ಹೋದ. ಅಲ್ಲಿ ಸೊಸೆ ಹೇಳಿಹೋಗಲು ಬಂದಿದ್ದಳು. ಬಾಗಿಲಿಗೆ ಬೆನ್ನು ಮಾಡಿ ಅತ್ತೆ ನಿಂತಿದ್ದಳು. ಸೊಸೆಯ ಮುಖದ ಮೇಲೆ ಟ್ಯೂಬ್‌ಲೈಟಿನ ಬೆಳಕು ನೇರ ಬಿದ್ದಿತ್ತು.

"ನನ್ನ ಮ್ಯಾಲೆ ಏನರ ಸಿಟ್ಟದ ಏನ್ರಿ, ಅತ್ತೀ?"

"ಸಿಟ್ಯಾಕವಾ? ನೀನ ನನ್ನ ಜೋಡಿ ಮಾತಾಡೂದು ಬಿಟ್ಟೀ ಅಂತ ನಾ ಅಂದ್ಕೊಂಡಿದ್ದೆ."

ಕೆಲಸದವನು ಬಾಗಿಲಲ್ಲಿ ಕೆಮ್ಮಿದ. ಅಮ್ಮಾರ, ಒಂದೀಟು ನೀರು ಕೊಡ್ರಿ ಎಂದ. ಅತ್ತೆ ತಿರುಗಲಿಲ್ಲ. ದನಿ ಏರಿಸಿ ಮತ್ತೆ ಕೇಳಿದ. ತಿರುಗಲಿಲ್ಲ. ಸೊಸೆ ಅವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮೆಲ್ಲಗೆ ಕೈಯೆತ್ತಿ ಬಾಗಿಲತ್ತ ತೋರಿಸಿದಳು. ಆಗ ಅತ್ತೆ ತಿರುಗಿದಳು. ತಿರುಗಿದವಳು ಅವನ ಕಣ್ಣನ್ನು ನೋಡಲಿಲ್ಲ, ಬಾಯನ್ನು ನೋಡಿದಳು.

ಈ ಸಲ ಅವನು ದನಿ ತೆಗೆಯದೆ ತುಟಿಯನ್ನಷ್ಟೇ ಆಡಿಸಿದ. ಅವಳು ತಂಬಿಗೆಯಲ್ಲಿ ನೀರು ತಂದು ಕೊಟ್ಟಳು.

ಅವನು ನೀರು ಕುಡಿದು ಪಡಸಾಲೆಗೆ ಹೋದ. ಪರದೆ ಮುಚ್ಚಿದ. ಊಟದ ಹೊತ್ತಿನ ಬೆಳಕಿಗೆ ದೀಪ ಇಳಿಸಿದ. ಆ ಮನೆಯಲ್ಲಿ ಅವನು ಅದುವರೆಗೆ ಕೂತೇ ಇರಲಿಲ್ಲ. ಈಗ ಅತ್ತೆ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ವ್ಯಾಪಾರಿಯನ್ನು ಎದುರಿಗೆ ಕೂರಿಸಿ, ಏನಾದರೂ ಮಾತಾಡಿ ಎಂದ. ವ್ಯಾಪಾರಿ ಗಾಡಿ ಬಾಡಿಗೆಯ ವಿಷಯ ಮಾತಾಡತೊಡಗಿದ. ಚಾವಣಿಯ ಬೆಳಕಿಗೆ ಅವನ ಹಣೆ ಹೊಳೆಯುತ್ತಿತ್ತು, ಮೂಗಿನ ತುದಿ ಹೊಳೆಯುತ್ತಿತ್ತು. ಮೂಗಿನ ಕೆಳಗೆ ಕತ್ತಲಿತ್ತು. ಕೆಲಸದವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ವ್ಯಾಪಾರಿ ಮಾತು ನಿಲ್ಲಿಸಿದಂತೆ ಕಂಡಿತು. ಕೈ ತೆಗೆದ. ಬಾಡಿಗೆಯ ಮಾತು ಇನ್ನೂ ನಡೆಯುತ್ತಲೇ ಇತ್ತು.

ಅವನು ಸ್ವಿಚ್ಚಿನ ಬೀಗ ತೆಗೆದ. ತಾನಾಗಿ ಇಳಿಯುವ ಏರ್ಪಾಟನ್ನು ಅಳಿಸಿಹಾಕಿದ. ಕೂತವರ ಮುಖದ ಮಟ್ಟಕ್ಕೆ ಬೆಳಕು ಬರುವಂತೆ ಗೋಡೆಗೆರಡು ದೀಪ ಹಾಕಿದ. ಅದನ್ನು ಹಾಕುವಾಗ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೊಸೆಯನ್ನು ಮಾತಾಡಿಸಿ, ಸಾಕೇ, ಇನ್ನೂ ಬೇಕೇ ಎಂದು ಕೇಳುತ್ತ ಹಾಕಿದ. ಅತ್ತೆ ಸಾಕು ಎಂದ ಕಡೆ ಕೈ ನಿಲ್ಲಿಸಿದ.

"ದೀಪ ಮೊದಲೂ ಚಲೋನ ಇದ್ದೂ, ತಮ್ಮಾ. ಮಂದಿ ಮಬ್ಬಾಗಿದ್ರು ಅಷ್ಟ" ಎಂದಳು ಅವಳು.

ಗಾಡಿಯವನಿಗೆ ಚಹಾ ಕುಡಿಸಿ ವಾಪಸು ಕಳಿಸಿದರು.

ಅಜ್ಜನವರು ಎಣ್ಣೆಯ ಬಟ್ಟಲನ್ನು ಸರಿಸಿದರು. ಗಿರಿಮಲ್ಲನಿಗೆ ಆ ಕೆಲಸದವನ ಮೇಲೆ ಪ್ರೀತಿ ಹುಟ್ಟಿತ್ತು. ಅವನ ಕೈಗೆಲಸದಲ್ಲಿ ತಪ್ಪೇನೂ ಇರಲಿಲ್ಲವಲ್ಲ ಎಂದು ವಾದಿಸಿದ. ಇರಲಿಲ್ಲ, ಒಂದು ದೀಪವೂ ಮಿಣುಕಲಿಲ್ಲ ಎಂದು ಅಜ್ಜನವರು ಒಪ್ಪಿಕೊಂಡರು. ಹಾಗಾದರೆ ಶ್ರಾವಣದ ಪ್ರವಚನ ಯಾರದೆಂದು ಗಿರಿಮಲ್ಲ ಕೇಳಿದ.

"ನಿನ್ನೆ ನಿನ್ನ ಮುಂದಿನಿಂದ ಮೊದಲು ಎದ್ದು ಹೋದವರು ಯಾರು, ಹೇಳು" ಎಂದರು ಅಜ್ಜನವರು.

ಗಿರಿಮಲ್ಲ ನಿನ್ನೆಯ ಸಂಜೆಯನ್ನು ನೆನಪಿಸಿಕೊಂಡ. ಪ್ರವಚನ ಮುಗಿಯುವವರೆಗೂ ಅವನು ಕಣ್ಣು ಮುಚ್ಚಿಯೇ ಕೂತಿದ್ದ.