ತಹಶೀಲ್ದಾರರ ಮನೆಯಲ್ಲಿ ಎಣ್ಣೆಸ್ನಾನ

ಕೆಳಮನೆಯ ನಿವೃತ್ತ ತಹಶೀಲ್ದಾರ್ ಚಿದಂಬರಯ್ಯನವರ ಬಚ್ಚಲ ಬಾಗಿಲ ಎದುರು ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಇದು ನಿಮ್ಮ ಬಚ್ಚಲ ನೀರೇ! ನಾಳೆಯಿಂದ ಅಲ್ಲಿ ಒಂದು ಚೊಂಬೂ ಸುರಿಯಕೂಡದು!" ಎಂದು ಮೇಲ್ಮನೆಯ ತಾರಕ್ಕನಿಗೆ ಅಪ್ಪಣೆಯಾಯಿತು.

"ಆಗಲಿ ಸಾರ್," ಎಂದಳು ತಾರಕ್ಕ.

ಮರುದಿನ ನರಕ ಚತುರ್ದಶಿ. ಬೆಳಗಾಗುತ್ತಲೇ ತಾರಕ್ಕ, ಗಂಡ, ಅತ್ತೆ, ಮೂವರು ಮಕ್ಕಳು ಟವೆಲ್ ಹಿಡಿದು ಕೆಳಮನೆಯ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರ ತಲೆಯಿಂದಲೂ ಹರಳೆಣ್ಣೆ ಇಳಿಯುತ್ತಿತ್ತು.

"ನಮ್ಮ ಬಚ್ಚಲಿಗೆ ನಿಮ್ಮ ಅಪ್ಪಣೆಯಿಲ್ಲವಲ್ಲ ಸಾರ್. ಹಬ್ಬದ ದಿನ ಎಣ್ಣೆ ತಲೆಯಲ್ಲೇ ವಾಪಸ್ ಕಳಿಸ್ತೀರಾ?"

ಹಾಗೆ ಕಳಿಸಲು ಚಿದಂಬರಯ್ಯನವರ ಹೆಂಡತಿ ಬಿಡಲಿಲ್ಲ. ಗೀಸರ್ ಹಾಕಿದರು. ತಾರಕ್ಕನ ಅತ್ತೆ ಒಳಗೆ ನಲ್ಲಿ ತಿರುಗಿಸಿದ್ದೇ ತಡ, ಹೊರಗೆ ಸಿಡುಕುತ್ತ ನಿಂತಿದ್ದ ಚಿದಂಬರಯ್ಯನವರ ಬೋಳುತಲೆಗೆ ಸೂರಿನಿಂದ ತೊಟ್ಟು ಬಿತ್ತು. ಬಿಸಿ ಬಿಸಿ ತೊಟ್ಟು! ಸೋರುತ್ತಿದ್ದುದು ಅವರದೇ ಗೀಸರಿನ ಪೈಪು.

ತಾರಕ್ಕ ಎಣ್ಣೆಬಟ್ಟಲು ಮುಂದೆ ಹಿಡಿದಳು.

"ಬೇಗ ಹಚ್ಚಿಕೊಳ್ಳಿ ಸಾರ್, ನಿಮಗೆ ಆಗಲೇ ನೀರು ಬಿತ್ತು!"