ಕೆಂಚನ ಕಡಲ ಪ್ರವಾಸ

ಕೆಂಚನೆಂಬ ಕಾವಲುನಾಯಿಯನ್ನು ಮನೆಯವರು ರಜೆಗೆಂದು ಕಡಲ ತೀರದ ಊರಿಗೆ ಕರೆದುಕೊಂಡು ಹೋದರು. ಲಾಡ್ಜಿಗೆ ಕಾಲಿಟ್ಟದ್ದೇ ತಡ, ಕೆಂಚ ಕೋಣೆಯ ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂತುಬಿಟ್ಟಿತು. ಟೀ ತಂದವನನ್ನು ಕಂಡು ಗುರ್ರೆಂದಿತು. ಎರಡು ದಿನವೂ ಸಮುದ್ರಕ್ಕೆ ಹೊರಟವರು ಕರೆದೇ ಕರೆದರು. ಅದು ಬಾಲ ಅಲ್ಲಾಡಿಸಿತೇ ಹೊರತು ಜಾಗ ಬಿಟ್ಟು ಕದಲಲಿಲ್ಲ.

ಮೂರನೆಯ ದಿನ ಯಜಮಾನಿ, "ಪಾಪ, ಇದಕ್ಕೆ ಪ್ರವಾಸ ಹಿಡಿಸಿಲ್ಲ. ಇನ್ಮೇಲೆ ಊರಲ್ಲೇ ಬಿಟ್ಟು ಬರೋಣ" ಎಂದು ಹೊರಟಳು. ಕೆಂಚ ಬಾಲ ಮುದುರಿಕೊಂಡು ಅವಳು ಹೋದ ದಾರಿಯನ್ನೇ ನೋಡಿತು.

ಲಾಡ್ಜಿನ ಅಂಗಳದ ಮುದಿನಾಯಿ ಹತ್ತಿರ ಬಂದು ಕೇಳಿತು: "ಇಲ್ಲೇನು ಮಾಡ್ತಿದ್ದೀಯೋ ತಮ್ಮಾ?"

"ಕಾವಲು ಅಜ್ಜಾ. ಅದಕ್ಕೇ ತಾನೇ ನನ್ನ ಕರ್ಕೊಂಡು ಬಂದಿರೋದು?"

"ಮಂಕೇ! ಊರಲ್ಲಿ ನಿಮ್ಮ ಮನೇನ ಯಾರು ಕಾಯ್ತಿದ್ದಾರೆ?"

"ಬೀಗ."

"ಕಾವಲಿಗೇ ಬೇಕಾಗಿದ್ದರೆ ನಿನ್ನನ್ನ ಅಲ್ಲೇ ಬಿಟ್ಟು ಬರ್ತಿದ್ದರು. ಆ ಕೆಲಸ ಬೀಗಕ್ಕೆ ಒಪ್ಪಿಸಿ ನಿನ್ನ ಕರ್ಕೊಂಡು ಬಂದಿದ್ದಾರಲ್ಲ, ಯಾಕೆ ಅಂತ ಯೋಚನೆ ಮಾಡಿದೆಯಾ? ಓಡು, ಓಡು!"

ಕೆಂಚ ಹಿಂದೆ ತಿರುಗಿಯೂ ನೋಡದೆ ಓಡಿತು. ಅಲೆಗೆ ಹಾರಿ, ಮರಳಲ್ಲಿ ಹೊರಳಿ, ಯಜಮಾನಿಯ ಸೀರೆಯ ಮೇಲೆಲ್ಲ ಉಪ್ಪುನೀರು ಕೊಡವಿತು. "ಅಯ್ಯೋ ಕಳ್ಳ, ಈಗ ಬಂದೆಯಾ?" ಎಂದು ಅವಳು ಬೈಯುತ್ತಲೇ ಅದನ್ನು ತಬ್ಬಿಕೊಂಡಳು.

ಇತ್ತ ಮುದಿನಾಯಿ, ಮೂರು ದಿನದಿಂದ ತನಗೆ ಸಿಗದೇ ಹೋಗಿದ್ದ ತಣ್ಣನೆಯ ಚಪ್ಪಡಿ ಕಲ್ಲಿನ ಮೇಲೆ ಕೈಕಾಲು ಚಾಚಿ ಹಾಯಾಗಿ ಕಣ್ಣು ಮುಚ್ಚಿತು.